ದುಬಾರಿ ತಾರೆಯನ್ನು ಉಳಿಸಿಕೊಳ್ಳಬೇಕೋ, ಮಾರಬೇಕೋ? ಉಳಿದ ಹತ್ತು ಜನರನ್ನು ನೋಡಿ ಹೇಳಿ

2018ರ ಜನವರಿ 6ರಂದು ಇಂಗ್ಲೆಂಡಿನ ಫುಟ್‌ಬಾಲ್ ತಂಡ ಲಿವರ್‌ಪೂಲ್ ತನ್ನ ಮಿಡ್‌ಫೀಲ್ಡರ್ ಫಿಲಿಪೆ ಕೌಟಿನ್ಯೊ ಅವರನ್ನು ಸ್ಪೇನಿನ ಬಾರ್ಸಿಲೋನಾಗೆ ಮಾರುತ್ತಿದೆ ಎಂದು ಗೊತ್ತಾದಾಗ ನನಗೆ ಬಂದ ಸಿಟ್ಟು ಇನ್ನೂ ನೆನಪಿದೆ. ಎಡ ಅಂಚಿನಿಂದ ಒಳಕ್ಕೆ ನುಗ್ಗಿ, ಬಲಗಾಲಿನಿಂದ ಚೆಂಡನ್ನು ದೂರದ ಕಂಬದ ಒಳಬದಿಗೆ ಬಾಗಿಸಿ ಹಾಕುವ ಆ ಹೊಡೆತಕ್ಕಾಗಿಯೇ ಎಷ್ಟೋ ರಾತ್ರಿ ನಿದ್ದೆ ಬಿಟ್ಟಿದ್ದೆ. ಸೀಸನ್ ಅರ್ಧದಲ್ಲಿದ್ದಾಗ ತಂಡದ ಅತ್ಯಂತ ಕಲಾವಂತ ಆಟಗಾರನನ್ನು ಮಾರುವುದು ಸೋಲು ಒಪ್ಪಿಕೊಂಡ ಹಾಗೆ ಅಂತ ಅವತ್ತು ನಂಬಿದ್ದೆ.

ಹದಿನಾರು ತಿಂಗಳ ನಂತರ, 2019ರ ಮೇ 7. ನಮಗೆ ಅದು 8ರ ನಡುರಾತ್ರಿ. ಆಟ ಶುರುವಾದದ್ದೇ ಹನ್ನೆರಡೂವರೆಗೆ. ಲಿವರ್‌ಪೂಲ್‌ನ ಅಂಗಳ ಆ್ಯನ್‌ಫೀಲ್ಡ್‌ನಲ್ಲಿ, ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್‌ನ ಎರಡನೇ ಪಂದ್ಯ. ಮೊದಲ ಪಂದ್ಯದಲ್ಲಿ ಬಾರ್ಸಿಲೋನಾ 3–0ಯಿಂದ ಗೆದ್ದಿತ್ತು. ಅರವತ್ತನೇ ನಿಮಿಷದಲ್ಲಿ ಬಾರ್ಸಿಲೋನಾ ಮೊದಲ ಬದಲಾವಣೆ ಮಾಡಿತು. ಅಷ್ಟು ಹೊತ್ತಿಗೆ ಲಿವರ್‌ಪೂಲ್ ಮೂರು ಗೋಲು ಹೊಡೆದಾಗಿತ್ತು, ಸಾಲ ತೀರಿತ್ತು. ಬಾರ್ಸಿಲೋನಾ ಅಂಗಿ ತೊಟ್ಟು ಮೈದಾನದಿಂದ ಹೊರಗೆ ನಡೆದು ಬಂದವರು ಕೌಟಿನ್ಯೊ. ಅವರನ್ನು ಮಾರಿದ ತಂಡ ಆ ರಾತ್ರಿ 4–0ಯಿಂದ ಗೆದ್ದು ಫೈನಲ್‌ಗೆ ಹೋಯಿತು, ಮ್ಯಾಡ್ರಿಡ್‌ನಲ್ಲಿ ಕಪ್ಪನ್ನೂ ಎತ್ತಿತು.

ಕೌಟಿನ್ಯೊ ಒಳ್ಳೆಯ ಆಟಗಾರರಾಗಿರಲಿಲ್ಲ ಅಂತ ಇದರಿಂದ ತೀರ್ಮಾನ ಮಾಡಬಾರದು. ಅವರು ಒಳ್ಳೆಯ ಆಟಗಾರರೇ. ಆದರೆ ತಾರೆಯನ್ನು ಮಾರಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗ ನಾವೆಲ್ಲ ತಾರೆಯನ್ನೇ ನೋಡುತ್ತೇವೆ: ಎಷ್ಟು ಗೋಲು, ಎಷ್ಟು ವಯಸ್ಸು, ಎಷ್ಟು ಕೋಟಿ. ಉತ್ತರ ಇರುವುದು ಅವರ ಸುತ್ತಲಿನ ಹತ್ತು ಸ್ಥಾನಗಳಲ್ಲಿ. ಆ ಹತ್ತರಲ್ಲಿ ತೂತು ಎಲ್ಲಿದೆ, ಅದನ್ನು ಮುಚ್ಚುವ ಮನುಷ್ಯನ ಹೆಸರು ನಿಮಗೆ ಆಗಲೇ ಗೊತ್ತಿದೆಯೇ, ಕರಾರಿನಲ್ಲಿ ಇನ್ನೆಷ್ಟು ವರ್ಷ ಉಳಿದಿದೆ, ಈ ಮೂರೇ. ಉಳಿದದ್ದೆಲ್ಲ ಇವುಗಳ ಹಿಂದೆ ಬರುವ ಮಾತು.

ಮೊದಲು ಕರಾರಿನ ಕಾಗದ

ಫುಟ್‌ಬಾಲ್‌ನಲ್ಲಿ ಕರಾರು ಮುಗಿದ ಆಟಗಾರ ಸ್ವತಂತ್ರ. ಬಿಟ್ಟುಹೋದರೆ ಕ್ಲಬ್‌ಗೆ ಒಂದು ಪೈಸೆಯೂ ಬರುವುದಿಲ್ಲ. ಹಾಗಾಗಿ ಆಟಗಾರನ ಬೆಲೆ ಅವನ ಕಾಲಿನಲ್ಲಿ ಎಷ್ಟಿದೆಯೋ ಕರಾರಿನ ಉಳಿದ ವರ್ಷಗಳಲ್ಲೂ ಅಷ್ಟೇ ಇದೆ. ಮೂರು ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ ಮಾತು ನಡೆಯುವುದು ಕ್ಲಬ್‌ದು. ಎರಡಕ್ಕೆ ಇಳಿದರೆ ಹೊಸ ಕರಾರಿನ ಮಾತುಕತೆ ಆಗಲೇ ಶುರುವಾಗಿರಬೇಕು. ಒಂದೇ ವರ್ಷ ಉಳಿದಿದ್ದರೆ ಎದುರಿಗಿರುವವರಿಗೆ ನಿಮ್ಮ ಅವಸರ ಗೊತ್ತಿರುತ್ತದೆ.

ಹ್ಯಾರಿ ಕೇನ್ ಅವರ ಕಥೆಯಲ್ಲಿ ಇದು ಕಣ್ಣಿಗೆ ಕಟ್ಟುವ ಹಾಗೆ ಕಾಣುತ್ತದೆ. 2018ರಲ್ಲಿ ಲಂಡನ್ನಿನ ಕ್ಲಬ್ ಟಾಟೆನ್‌ಹ್ಯಾಮ್ ಜೊತೆ ಆರು ವರ್ಷದ ಕರಾರಿಗೆ ಸಹಿ ಹಾಕಿದ್ದರು. 2021ರಲ್ಲಿ ಮ್ಯಾಂಚೆಸ್ಟರ್ ಸಿಟಿ ಬೆನ್ನುಬಿದ್ದಾಗ ಇನ್ನೂ ಮೂರು ವರ್ಷ ಬಾಕಿ ಇತ್ತು. ಕೇನ್‌ಗೆ ಹೋಗುವ ಮನಸ್ಸಿತ್ತು, ಸಿಟಿಯ ಹತ್ತಿರ ದುಡ್ಡಿತ್ತು, ಆದರೂ ಟಾಟೆನ್‌ಹ್ಯಾಮ್ ಬಿಡಲಿಲ್ಲ. ಬಿಡದೆ ಇರುವ ಬಲ ಆ ಕಾಗದದಿಂದ ಬಂದದ್ದು. 2023ರ ಆಗಸ್ಟ್ ಹೊತ್ತಿಗೆ ಉಳಿದದ್ದು ಒಂದೇ ವರ್ಷ. ಅದೇ ಕ್ಲಬ್, ಅದೇ ಆಟಗಾರ, ಅದೇ ಅಧ್ಯಕ್ಷ. ಈ ಸಲ ಜರ್ಮನಿಯ ಬಯೆರ್ನ್ ಮ್ಯೂನಿಕ್ ಹತ್ತಿರ ಹತ್ತಿರ 10 ಕೋಟಿ ಯೂರೊಗೆ ಕರೆದುಕೊಂಡು ಹೋಯಿತು. ಮೂವತ್ತು ತುಂಬಿದ, ಇನ್ನೊಂದು ವರ್ಷಕ್ಕೆ ಪುಕ್ಕಟೆ ಸಿಗಬಹುದಾಗಿದ್ದ ಸ್ಟ್ರೈಕರ್‌ಗೆ ಅದು ತುಂಬ ಒಳ್ಳೆಯ ಬೆಲೆ. ಎರಡೂ ನಿರ್ಧಾರ ಸರಿ ಅಂತ ನನ್ನ ಅಭಿಪ್ರಾಯ. ಗಾಳಿ ಬಂದಾಗ ತೂರಿಕೊಂಡರು.

ಕೇನ್ ಟಾಟೆನ್‌ಹ್ಯಾಮ್ ಪರ 280 ಗೋಲು ಹೊಡೆದಿದ್ದರು, ಒಂದೂ ಕಪ್ ಗೆದ್ದಿರಲಿಲ್ಲ. ಅವರು ಹೋದ ಎರಡನೇ ಸೀಸನ್‌ನಲ್ಲಿ ಟಾಟೆನ್‌ಹ್ಯಾಮ್ ಲೀಗ್‌ನಲ್ಲಿ ಹದಿನೇಳನೇ ಸ್ಥಾನಕ್ಕೆ ಕುಸಿಯಿತು, ಅದೇ ವರ್ಷ, 2025ರ ಮೇ ತಿಂಗಳಲ್ಲಿ, ಯುರೋಪಿನ ಎರಡನೇ ದರ್ಜೆಯ ಟೂರ್ನಿಯಾದ ಯುರೋಪಾ ಲೀಗ್ ಗೆದ್ದಿತು. ಅದೇ ತಿಂಗಳಲ್ಲಿ ಕೇನ್ ಜರ್ಮನಿಯ ಲೀಗ್ ಬುಂಡೆಸ್‌ಲೀಗಾ ಗೆದ್ದು ತಮ್ಮ ವೃತ್ತಿಯ ಮೊದಲ ಕಪ್ ಹಿಡಿದರು. ಇದರಲ್ಲಿ ಲಾಭ ಯಾರಿಗೆ, ನಷ್ಟ ಯಾರಿಗೆ ಅಂತ ತಕ್ಕಡಿ ಹಿಡಿಯಲು ನನಗೆ ಧೈರ್ಯವಿಲ್ಲ.

ಮಾರಿದ ದುಡ್ಡು ಎಲ್ಲಿಗೆ ಹೋಗುತ್ತದೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಹೆಚ್ಚಿನ ಕ್ಲಬ್‌ಗಳು ಎಡವುವುದು ಇಲ್ಲೇ. ಎರಡು ಮಾರಾಟಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

2013ರ ಸೆಪ್ಟೆಂಬರ್ 1ರಂದು ಟಾಟೆನ್‌ಹ್ಯಾಮ್ ಗ್ಯಾರೆತ್ ಬೇಲ್ ಅವರನ್ನು ರಿಯಲ್ ಮ್ಯಾಡ್ರಿಡ್‌ಗೆ ಮಾರಿತು. ಬೆಲೆ 10 ಕೋಟಿ ಯೂರೊ ಆಸುಪಾಸು, ಆಗ ಜಗತ್ತಿನ ದಾಖಲೆ. ಹಿಂದಿನ ಸೀಸನ್‌ನಲ್ಲಿ ಬೇಲ್ ಲೀಗ್‌ನಲ್ಲಿ 21 ಗೋಲು ಹೊಡೆದಿದ್ದರು. ತಂಡ 72 ಅಂಕ ಗಳಿಸಿಯೂ ಒಂದೇ ಒಂದು ಅಂಕದಿಂದ ಚಾಂಪಿಯನ್ಸ್ ಲೀಗ್ ಸ್ಥಾನ ಕಳೆದುಕೊಂಡಿತ್ತು. ಆ ಬೇಸಿಗೆಯಲ್ಲಿ ಬಂದ ದುಡ್ಡಿಗೆ ಸರಿಸಮನಾಗಿ ಏಳು ಜನರನ್ನು ಕೊಂಡರು: ಬ್ರೆಜಿಲ್‌ನಿಂದ ಪೌಲಿನ್ಯೊ, ಸ್ಪೇನ್‌ನಿಂದ ಸೊಲ್ದಾಡೊ, ಇಟಲಿಯಿಂದ ಲಮೇಲಾ, ಫ್ರಾನ್ಸ್‌ನಿಂದ ಕಪೂ, ರೊಮೇನಿಯಾದಿಂದ ಕಿರಿಕೇಶ್, ನೆದರ್‌ಲ್ಯಾಂಡ್ಸ್‌ನಿಂದ ಶಾದ್ಲಿ ಮತ್ತು ಎರಿಕ್ಸನ್. ಆರು ದೇಶದ ಲೀಗ್‌ಗಳಿಂದ ಬಂದ ಏಳು ಜನ, ಒಬ್ಬರಿಗೊಬ್ಬರ ಆಟ ಗೊತ್ತಿಲ್ಲ, ಇಂಗ್ಲೆಂಡಿನ ಚಳಿಗಾಲದ ಆಟದ ವೇಗ ಗೊತ್ತಿಲ್ಲ. ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಎದುರು 6–0 ಸೋಲು, ಡಿಸೆಂಬರ್ 15ರಂದು ತಮ್ಮದೇ ಅಂಗಳದಲ್ಲಿ ಲಿವರ್‌ಪೂಲ್ ಎದುರು 5–0 ಸೋಲು. ಮರುದಿನ ಕೋಚ್ ಆಂದ್ರೆ ವಿಲ್ಲಾಸ್–ಬೋವಾಸ್ ಮನೆಗೆ. ಗೋಲು ಹೊಡೆಯಲೆಂದೇ ತಂದ ಸೊಲ್ದಾಡೊ ಆ ಲೀಗ್ ಸೀಸನ್ ಪೂರ್ತಿ ಆರು ಗೋಲು ಹೊಡೆದರು, ಅದರಲ್ಲಿ ನಾಲ್ಕು ಪೆನಾಲ್ಟಿ.

ಆ ಏಳು ಜನರಲ್ಲಿ ಎರಿಕ್ಸನ್ ಮಾತ್ರ ನಿಜವಾದ ರತ್ನ. ಆರು ವರ್ಷ ಆ ತಂಡದ ಮಿಡ್‌ಫೀಲ್ಡ್ ಹೊತ್ತವರು ಅವರೇ. ಹಾಗಾಗಿ ಆ ಖರೀದಿಯನ್ನು ಪೂರ್ತಿ ದಂಡ ಅನ್ನುವುದು ಅನ್ಯಾಯ. ಆದರೆ ಒಬ್ಬನ ಜಾಗಕ್ಕೆ ಏಳು ಜನರನ್ನು ತುಂಬಿಸಿದರೆ ಏನಾಗುತ್ತದೆ ಎಂಬುದು ಆ ಡಿಸೆಂಬರ್‌ನಲ್ಲಿ ಕಂಡಿತು: ಹಳೆಯ ತಂಡವೂ ಉಳಿಯಲಿಲ್ಲ, ಹೊಸದೂ ಕೂಡಿ ಬರಲಿಲ್ಲ.

ಈಗ ಲಿವರ್‌ಪೂಲ್ ನೋಡಿ. ಕೌಟಿನ್ಯೊ ಅವರನ್ನು 2013ರಲ್ಲಿ ಇಂಟರ್ ಮಿಲಾನ್‌ನಿಂದ 85 ಲಕ್ಷ ಪೌಂಡ್‌ಗೆ ತಂದಿದ್ದರು. 2017ರ ಜನವರಿಯಲ್ಲಿ ಐದು ವರ್ಷದ ಹೊಸ ಕರಾರು ಮಾಡಿಸಿದರು, ಅದರಲ್ಲಿ ಇಷ್ಟು ದುಡ್ಡು ಕೊಟ್ಟರೆ ಬಿಡಲೇಬೇಕು ಎಂಬ ಷರತ್ತು ಇರಲಿಲ್ಲ. ಆ ಆಗಸ್ಟ್‌ನಲ್ಲಿ, ಲಿವರ್‌ಪೂಲ್‌ನ ಮೊದಲ ಲೀಗ್ ಪಂದ್ಯದ ಹಿಂದಿನ ದಿನ, ಕೌಟಿನ್ಯೊ ತಮ್ಮನ್ನು ಬಿಟ್ಟುಕೊಡಿ ಎಂದು ಲಿಖಿತ ಮನವಿ ಕೊಟ್ಟರು. ಬಾರ್ಸಿಲೋನಾ ಒಂದರ ಮೇಲೊಂದು ಬೆಲೆ ಹೇಳಿತು. ಕ್ಲಬ್ ಯಾವುದಕ್ಕೂ ಒಪ್ಪಲಿಲ್ಲ. ನಾಲ್ಕೂವರೆ ತಿಂಗಳು ಅವರನ್ನು ಆಡಿಸಿ, ಜನವರಿಯಲ್ಲಿ 10.5 ಕೋಟಿ ಪೌಂಡ್‌ಗೆ, ಷರತ್ತುಗಳೆಲ್ಲ ಈಡೇರಿದರೆ 14.2 ಕೋಟಿವರೆಗೆ ಹೋಗುವ ಹಾಗೆ, ಮಾರಿದರು.

ಬೆಲೆಗಿಂತ ನನಗೆ ಮುಖ್ಯ ಅನ್ನಿಸುವುದು ಆ ದುಡ್ಡು ಹೋದ ದಾರಿ. ಮುಂದಿನ ಸಾಲಿನಲ್ಲಿ ಆಗಲೇ ಸಲಾಹ್, ಮಾನೆ, ಫರ್ಮಿನೊ ಇದ್ದರು. ಗೋಲಿಗೆ ಬರ ಇರಲಿಲ್ಲ. ತೂತು ಇದ್ದದ್ದು ಹಿಂದೆ. ಡಿಫೆಂಡರ್ ವರ್ಜಿಲ್ ವ್ಯಾನ್ ಡೈಕ್ ಬೇಕು ಅಂತ 2017ರ ಜೂನ್‌ನಲ್ಲೇ ಲಿವರ್‌ಪೂಲ್ ಸೌತಾಂಪ್ಟನ್ ಬಾಗಿಲು ತಟ್ಟಿ, ತಟ್ಟಿದ ರೀತಿಗೆ ಬಹಿರಂಗವಾಗಿ ಕ್ಷಮೆ ಕೇಳಿ ಹಿಂದೆ ಸರಿದಿತ್ತು. ಅಲ್ಲಿ ಸಿಗಲಿಲ್ಲ ಅಂತ ಆ ಬೇಸಿಗೆಯಲ್ಲಿ ಅವರ ಬದಲಿಗೆ ಇನ್ನೊಬ್ಬ ಸೆಂಟರ್ ಬ್ಯಾಕ್‌ನನ್ನು ತರಲಿಲ್ಲ. ಆರು ತಿಂಗಳು ಕಾದರು. ಡಿಸೆಂಬರ್ 27ರಂದು 7.5 ಕೋಟಿ ಪೌಂಡ್‌ಗೆ ವ್ಯಾನ್ ಡೈಕ್ ಒಪ್ಪಂದ ಆಯಿತು, ಕೌಟಿನ್ಯೊ ಮಾರಾಟಕ್ಕೆ ಹತ್ತು ದಿನ ಮುಂಚೆ. ಕೌಟಿನ್ಯೊ ಜಾಗಕ್ಕೆ ಮಾತ್ರ ಆ ಜನವರಿಯಲ್ಲಿ ಯಾರನ್ನೂ ಕೊಳ್ಳಲಿಲ್ಲ.

ಮೇ 26ರಂದು ಕೀವ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಗೋಲ್‌ಕೀಪರ್ ಕರಿಯಸ್ ಕೈಯಿಂದ ಎಸೆದ ಚೆಂಡಿಗೆ ಬೆಂಜೆಮಾ ಕಾಲು ಚಾಚಿದರು, ಅದು ನಿಧಾನವಾಗಿ ಉರುಳಿ ಗೋಲಾಯಿತು. ಮೂರನೇ ಗೋಲು ಬೇಲ್ ದೂರದಿಂದ ಹೊಡೆದದ್ದು. ನೇರ ಕರಿಯಸ್ ಕೈಗೆ ಬಂದು ಜಾರಿತು. ಎರಡನೇ ತೂತು ಎಲ್ಲಿದೆ ಅಂತ ಇಡೀ ಜಗತ್ತಿಗೆ ಕಂಡಿತು. ಜುಲೈನಲ್ಲಿ ರೋಮಾದಿಂದ ಆಲಿಸನ್ ಬಂದರು, ಸುಮಾರು 6.5 ಕೋಟಿ ಪೌಂಡ್‌ಗೆ. ಒಬ್ಬ ಕಲಾವಂತ ಮಿಡ್‌ಫೀಲ್ಡರ್ ಹೋಗಿ, ಆ ಬೆಲೆಯಲ್ಲಿ ಒಬ್ಬ ಸೆಂಟರ್ ಬ್ಯಾಕ್ ಮತ್ತು ಒಬ್ಬ ಗೋಲ್‌ಕೀಪರ್ ಬಂದ ಹಾಗಾಯಿತು. 2019ರಲ್ಲಿ ಚಾಂಪಿಯನ್ಸ್ ಲೀಗ್, 2020ರಲ್ಲಿ 99 ಅಂಕಗಳೊಂದಿಗೆ ಮೂವತ್ತು ವರ್ಷಗಳ ನಂತರ ಲೀಗ್.

ಟಾಟೆನ್‌ಹ್ಯಾಮ್ ಬೇಲ್ ಬಿಟ್ಟ ಜಾಗವನ್ನು ತುಂಬಲು ಹೊರಟಿತ್ತು. ಲಿವರ್‌ಪೂಲ್ ಕೌಟಿನ್ಯೊ ಬಿಟ್ಟ ಜಾಗವನ್ನು ಖಾಲಿಯೇ ಬಿಟ್ಟು, ಅವರು ಇರುವಾಗಲೂ ಸೋರುತ್ತಿದ್ದ ಜಾಗವನ್ನು ಮುಚ್ಚಿತು. ನಿಮ್ಮ ತಂಡದ ಬಗ್ಗೆ ಯೋಚಿಸುವಾಗ ಈ ಎರಡರಲ್ಲಿ ಯಾವುದು ನಿಮ್ಮ ಪರಿಸ್ಥಿತಿ ಅಂತ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ತಾರೆ ಹೋದರೆ ಗೋಲು ಹೊಡೆಯುವವರೇ ಇಲ್ಲ ಎಂಬ ಸ್ಥಿತಿಯಲ್ಲಿ ಎಷ್ಟೇ ದೊಡ್ಡ ಬೆಲೆ ಬಂದರೂ ನಾನು ಮಾರುವುದಿಲ್ಲ.

ಇನ್ನೊಂದು ಅಪಾಯವಿದೆ. ನಿಮ್ಮ ಜೇಬಿನಲ್ಲಿ ದುಡ್ಡಿದೆ ಅಂತ ಊರಿಗೆಲ್ಲ ಗೊತ್ತಾದಾಗ ಬೆಲೆ ಏರುತ್ತದೆ. 2017ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನ ಕ್ಲಬ್ ಪಿಎಸ್‌ಜಿ ನೇಮಾರ್‌ಗಾಗಿ ಬಾರ್ಸಿಲೋನಾಗೆ 22.2 ಕೋಟಿ ಯೂರೊ ಕೊಟ್ಟಿತು. ಸೀಸನ್ ಹೊಸ್ತಿಲಲ್ಲಿತ್ತು, ಬದಲಿ ಆಟಗಾರ ಸಿದ್ಧವಿರಲಿಲ್ಲ. ಬಾರ್ಸಿಲೋನಾ ಜರ್ಮನಿಯ ಡೋರ್ಟ್‌ಮಂಡ್ ಕ್ಲಬ್‌ಗೆ ಹೋಗಿ ಇಪ್ಪತ್ತು ವರ್ಷದ ಉಸ್ಮಾನ್ ಡೆಂಬೆಲೆಗೆ 10.5 ಕೋಟಿ ಯೂರೊ ಮತ್ತು ಮೇಲಿನ ಷರತ್ತಿನ ಹಣ ಒಪ್ಪಿಕೊಂಡಿತು, ಜನವರಿಯಲ್ಲಿ ಕೌಟಿನ್ಯೊಗೆ ಆ ಬೆಲೆ ತೆತ್ತಿತು. ಬಾಯಾರಿದಾಗ ಬಾವಿ ತೋಡಿದರೆ ನೀರಿನ ಬೆಲೆ ಹೇಳುವವನು ಬೇರೆಯವನು. ಲಿವರ್‌ಪೂಲ್‌ಗೆ ಆ ದೊಡ್ಡ ಮೊತ್ತ ಸಿಕ್ಕಿದ್ದೇ ನೇಮಾರ್ ಮಾರಾಟದ ದುಡ್ಡಿನಿಂದ ಅನ್ನುವುದನ್ನೂ ಮರೆಯಬಾರದು.

ಅದಲು ಬದಲು: ದುಡ್ಡಿಲ್ಲದ ವ್ಯಾಪಾರ

ಆಟಗಾರನಿಗೆ ಬದಲು ಆಟಗಾರ ಎಂಬ ಒಪ್ಪಂದ ಫುಟ್‌ಬಾಲ್‌ನಲ್ಲಿ ಅಪರೂಪ. ಇಬ್ಬರು ಆಟಗಾರರ ಸಂಬಳ, ಇಬ್ಬರ ಮನಸ್ಸು, ಎರಡು ಕ್ಲಬ್‌ಗಳ ಅಗತ್ಯ ಎಲ್ಲ ಒಂದೇ ವಾರದಲ್ಲಿ ಕೂಡಬೇಕು. 2018ರ ಜನವರಿಯಲ್ಲಿ ಹಾಗೊಂದು ನಡೆಯಿತು: ಆರ್ಸೆನಲ್‌ನ ಅಲೆಕ್ಸಿಸ್ ಸಾಂಚೆಜ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ, ಅಲ್ಲಿಂದ ಹೆನ್ರಿಕ್ ಮಿಖಿತಾರ್ಯಾನ್ ಆರ್ಸೆನಲ್‌ಗೆ. ಸಾಂಚೆಜ್ ಕರಾರು ಮುಗಿಯಲು ಆಗ ಆರು ತಿಂಗಳಿತ್ತು. ಅದಕ್ಕೆ ಹಿಂದಿನ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಸುಮಾರು 6 ಕೋಟಿ ಪೌಂಡ್ ಕೊಡಲು ತಯಾರಿತ್ತು. ಆರ್ಸೆನಲ್‌ಗೆ ಬದಲಿಯಾಗಿ ಬೇಕಿದ್ದ ಮೊನಾಕೊದ ತೊಮಾ ಲೆಮಾರ್ ಕೊನೆಯ ದಿನ ಸಿಗದೆ ಆ ಒಪ್ಪಂದ ಮುರಿದುಬಿತ್ತು. ಐದು ತಿಂಗಳಲ್ಲಿ 6 ಕೋಟಿ ಪೌಂಡ್ ಹೋಗಿ, ಬರೀ ಒಬ್ಬ ಆಟಗಾರ ಬಂದ. ಯುನೈಟೆಡ್ ಇನ್ನೂ ಹೆಚ್ಚು ಕಳೆದುಕೊಂಡಿತು: ಲೀಗ್‌ನ ಅತಿ ದೊಡ್ಡ ಸಂಬಳಗಳಲ್ಲಿ ಒಂದನ್ನು ಕೊಟ್ಟು ಸಾಂಚೆಜ್‌ರಿಂದ ಪಡೆದದ್ದು 45 ಪಂದ್ಯಗಳಲ್ಲಿ 5 ಗೋಲು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಮಾತ್ರ ಈ ಅದಲು ಬದಲೇ ದಿನನಿತ್ಯದ ವ್ಯವಹಾರ, ಏಕೆಂದರೆ ಅಲ್ಲಿ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಲೀಗ್ ಮಿತಿ ಹಾಕಿದೆ. 2022ರ ಮಾರ್ಚ್‌ನಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ಓಡಿ ಚೆಂಡು ಹಿಡಿಯುವ ತನ್ನ ಅತಿ ವೇಗದ ರಿಸೀವರ್ ಟೈರೀಕ್ ಹಿಲ್ ಅವರನ್ನು ಮಯಾಮಿಗೆ ಕೊಟ್ಟು, ಹೊಸ ಹುಡುಗರನ್ನು ಆರಿಸುವ ಐದು ಡ್ರಾಫ್ಟ್ ಸರದಿಗಳನ್ನು ಪಡೆಯಿತು. ಚೆಂಡು ಎಸೆಯುವ ಪ್ಯಾಟ್ರಿಕ್ ಮಹೋಮ್ಸ್ ಇನ್ನೂ ಅಲ್ಲೇ ಇದ್ದರು. ಮುಂದಿನ ಎರಡೂ ಸೀಸನ್‌ಗಳ ಸೂಪರ್ ಬೌಲ್, ಅಂದರೆ ಆ ಲೀಗ್‌ನ ಫೈನಲ್, ಚೀಫ್ಸ್‌ಗೆ.

ಸಂಬಳ: ಹಾಸಿಗೆ ಮತ್ತು ಕಾಲು

ಉಳಿಸಿಕೊಳ್ಳುವ ಖರ್ಚನ್ನು ನಾವು ಸಾಮಾನ್ಯವಾಗಿ ಒಬ್ಬರ ಸಂಬಳ ಅಂತ ಲೆಕ್ಕ ಹಾಕುತ್ತೇವೆ. ನಿಜದಲ್ಲಿ ಅದು ಎಲ್ಲರ ಸಂಬಳ. ಡ್ರೆಸಿಂಗ್ ರೂಮಿನಲ್ಲಿ ಒಬ್ಬರಿಗೆ ಏರಿದ್ದು ಮರುವರ್ಷ ಇನ್ನೊಬ್ಬರ ಏಜೆಂಟ್ ಮೇಜಿನ ಮೇಲೆ ಇಡುವ ಅಂಕಿ.

ಲಿಯೊನೆಲ್ ಮೆಸ್ಸಿ 2017ರ ನವೆಂಬರ್‌ನಲ್ಲಿ ಬಾರ್ಸಿಲೋನಾ ಜೊತೆ ಮಾಡಿಕೊಂಡ ಕರಾರು ನಾಲ್ಕು ಸೀಸನ್‌ಗೆ 55.5 ಕೋಟಿ ಯೂರೊವರೆಗೆ ಹೋಗುತ್ತಿತ್ತು ಎಂದು 2021ರ ಜನವರಿಯಲ್ಲಿ ಸ್ಪೇನಿನ ಪತ್ರಿಕೆ ಎಲ್ ಮುಂಡೊ ಬಯಲು ಮಾಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕ್ಲಬ್ ಅಧ್ಯಕ್ಷ ಜುವಾನ್ ಲಾಪೋರ್ಟಾ, ಮೆಸ್ಸಿಯನ್ನು ಸೇರಿಸಿದರೆ ತಂಡದ ಸಂಬಳ ಕ್ಲಬ್ಬಿನ ಆದಾಯದ ಶೇ 110ರಷ್ಟಾಗುತ್ತದೆ, ಬಿಟ್ಟರೂ ಶೇ 95ರಷ್ಟಿದೆ ಎಂದರು. ಮೆಸ್ಸಿ ಅರ್ಧ ಸಂಬಳಕ್ಕೆ ಒಪ್ಪಿದ್ದರೂ ಲೀಗ್ ನಿಯಮ ಬಿಡಲಿಲ್ಲ. ಆಗಸ್ಟ್ 8ರಂದು ಕ್ಯಾಂಪ್ ನೌನಲ್ಲಿ ವೇದಿಕೆಗೆ ಬಂದ ಮೆಸ್ಸಿ ಮಾತು ಶುರು ಮಾಡುವ ಮೊದಲೇ ಅತ್ತರು. ಪತ್ನಿ ಮುಂದಿನ ಸಾಲಿನಿಂದ ಕೊಟ್ಟ ಟಿಶ್ಯೂನಿಂದ ಕಣ್ಣು, ಮೂಗು ಒರೆಸಿಕೊಂಡರು. ಇಪ್ಪತ್ತು ವರ್ಷದ ಸಂಬಂಧ, ಕ್ಲಬ್ಬಿಗೆ ಬಂದದ್ದು ಸೊನ್ನೆ.

ಇದಕ್ಕೆ ಮೆಸ್ಸಿ ಸಂಬಳವೇ ಕಾರಣ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವರು ಮೈದಾನದಲ್ಲೂ ಅಂಗಿ ಮಾರಾಟದಲ್ಲೂ ಆ ಸಂಬಳಕ್ಕೆ ತಕ್ಕದ್ದನ್ನು ಕೊಟ್ಟವರು. ಕ್ಲಬ್ ಮುಳುಗಿದ್ದು ಮೆಸ್ಸಿಯ ಸುತ್ತ ಕೌಟಿನ್ಯೊ, ಡೆಂಬೆಲೆ, 2019ರಲ್ಲಿ 12 ಕೋಟಿ ಯೂರೊ ಕೊಟ್ಟ ಗ್ರೀಜ್‌ಮನ್ ಎಂದು ಒಬ್ಬರ ಮೇಲೊಬ್ಬರನ್ನು ದುಬಾರಿ ಬೆಲೆ, ದುಬಾರಿ ಸಂಬಳಕ್ಕೆ ಪೇರಿಸಿದ್ದರಿಂದ. ಅದರ ಮೇಲೆ ಕೋವಿಡ್ ಬಂದು ಕ್ರೀಡಾಂಗಣ ಖಾಲಿಯಾಯಿತು. ಒಬ್ಬ ಅಸಾಮಾನ್ಯನನ್ನು ಉಳಿಸಿಕೊಳ್ಳುವುದಾದರೆ ಉಳಿದ ಕಡೆ ಕೈ ಬಿಗಿ ಹಿಡಿಯಬೇಕು. ಎರಡೂ ಬೇಕು ಅಂದವರಿಗೆ ಕೊನೆಗೆ ಆಯ್ಕೆಯೇ ಉಳಿಯುವುದಿಲ್ಲ.

ಲೆಕ್ಕದ ಪುಸ್ತಕ ಹೇಗೆ ನೋಡುತ್ತದೆ

ಅಭಿಮಾನಿಗಳಿಗೆ ಅರ್ಥವಾಗದೆ ಉಳಿಯುವ ಎಷ್ಟೋ ಮಾರಾಟಗಳ ಗುಟ್ಟು ಇಲ್ಲಿದೆ. ಒಬ್ಬ ಆಟಗಾರನನ್ನು 10 ಕೋಟಿ ಪೌಂಡ್ ಕೊಟ್ಟು ಐದು ವರ್ಷದ ಕರಾರಿಗೆ ತಂದಿರಿ ಅಂದುಕೊಳ್ಳಿ. ಲೆಕ್ಕದಲ್ಲಿ ಆ 10 ಕೋಟಿ ಒಂದೇ ಸಲ ಬೀಳುವುದಿಲ್ಲ, ವರ್ಷಕ್ಕೆ 2 ಕೋಟಿಯಂತೆ ಹಂಚಿಹೋಗುತ್ತದೆ. ವಾರಕ್ಕೆ 3 ಲಕ್ಷ ಪೌಂಡ್ ಸಂಬಳ ಅಂದರೆ ವರ್ಷಕ್ಕೆ 1.56 ಕೋಟಿ. ಅಲ್ಲಿಗೆ ಅವನ ವಾರ್ಷಿಕ ಖರ್ಚು 3.56 ಕೋಟಿ. ಮೂರು ವರ್ಷ ಕಳೆದ ಮೇಲೆ ಪುಸ್ತಕದಲ್ಲಿ ಅವನ ಬೆಲೆ 4 ಕೋಟಿ ಉಳಿದಿರುತ್ತದೆ. ಆಗ 7 ಕೋಟಿಗೆ ಮಾರಿದರೆ, ಕೊಂಡ ಬೆಲೆಗಿಂತ ಕಡಿಮೆಯಾದರೂ, ಆ ವರ್ಷದ ಲೆಕ್ಕದಲ್ಲಿ 3 ಕೋಟಿ ಲಾಭ ಅಂತ ಬರೆಯುತ್ತಾರೆ. ಅದೇ ಬೇಸಿಗೆಯಲ್ಲಿ 6 ಕೋಟಿಗೆ, ವಾರಕ್ಕೆ ಒಂದೂವರೆ ಲಕ್ಷದ ಸಂಬಳಕ್ಕೆ, ಐದು ವರ್ಷಕ್ಕೆ ಕಿರಿಯನೊಬ್ಬನನ್ನು ತಂದರೆ ಅವನ ವಾರ್ಷಿಕ ಖರ್ಚು 1.98 ಕೋಟಿ. ಕಾಗದದ ಮೇಲೆ ಎಲ್ಲ ಕಡೆಯಿಂದಲೂ ಲಾಭ.

ಕೌಟಿನ್ಯೊ ಮಾರಾಟವಾದ 2017–18ರಲ್ಲಿ ಲಿವರ್‌ಪೂಲ್ ತೆರಿಗೆಗೆ ಮುಂಚೆ 12.5 ಕೋಟಿ ಪೌಂಡ್ ಲಾಭ ತೋರಿಸಿದ್ದು ಹೀಗೇ. 85 ಲಕ್ಷಕ್ಕೆ ಕೊಂಡ ಆಟಗಾರ, ಐದು ವರ್ಷದ ಮೇಲೆ, ಹೆಚ್ಚುಕಡಿಮೆ ಪೂರ್ತಿ ಲಾಭ.

ಇದರ ಇನ್ನೊಂದು ಮುಖ ನನಗೆ ನೋವು ತರುತ್ತದೆ. ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಹುಡುಗನಿಗೆ ಪುಸ್ತಕದಲ್ಲಿ ಬೆಲೆಯೇ ಇಲ್ಲ, ಹಾಗಾಗಿ ಅವನನ್ನು ಮಾರಿದ ಪ್ರತಿ ಪೌಂಡೂ ಲಾಭ. ಪ್ರೀಮಿಯರ್ ಲೀಗ್ ಕ್ಲಬ್‌ಗಳು ಮೂರು ವರ್ಷಕ್ಕೆ 10.5 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ತೋರಿಸಬಾರದು ಎಂಬ ನಿಯಮದ ಒತ್ತಡದಲ್ಲಿ ಮನೆ ಮಕ್ಕಳೇ ಮೊದಲು ಸಂತೆಗೆ ಬಂದರು. ಚೆಲ್ಸಿಯಲ್ಲಿ ಬಾಲ್ಯದಿಂದ ಆಡಿ ಬೆಳೆದ ಮೇಸನ್ ಮೌಂಟ್ 2023ರಲ್ಲಿ, ಕಾನರ್ ಗ್ಯಾಲಗರ್ 2024ರಲ್ಲಿ ಹೋದದ್ದನ್ನು ನೋಡಿ. ನಿರ್ಧಾರ ನಿಮ್ಮ ಕೈಯಲ್ಲಿದ್ದರೆ, ಪುಸ್ತಕದ ಈ ಆಸೆಗೆ ಬಿದ್ದು ಊರಿನ ಹುಡುಗನನ್ನು ಮಾರುವ ಮುಂಚೆ ಎರಡು ಸಲ ಯೋಚಿಸಿ ಎಂದು ಕೈಮುಗಿದು ಕೇಳುತ್ತೇನೆ.

ಉಳಿಸಿಕೊಂಡು, ಕೊನೆಗೆ ಪುಕ್ಕಟೆ ಬಿಡುವುದು

ಇದನ್ನು ಎಲ್ಲರೂ ಮೂರ್ಖತನ ಅನ್ನುತ್ತಾರೆ. ಎಲ್ಲ ಸಲವೂ ಅಲ್ಲ. 2013ರಲ್ಲಿ ಡೋರ್ಟ್‌ಮಂಡ್ ಆಗಲೇ ಮಾರಿಯೊ ಗೋಟ್ಸೆ ಅವರನ್ನು ಬಯೆರ್ನ್‌ಗೆ ಕಳೆದುಕೊಂಡಿತ್ತು. ರಾಬರ್ಟ್ ಲೆವಾಂಡೊವ್‌ಸ್ಕಿ ಕೂಡ ಅಲ್ಲಿಗೇ ಹೋಗಲು ಸಿದ್ಧರಿದ್ದರು, ಕರಾರು ಒಂದು ವರ್ಷ ಬಾಕಿ. ಡೋರ್ಟ್‌ಮಂಡ್ ಮಾರಲಿಲ್ಲ. ಆ ವರ್ಷ ಲೆವಾಂಡೊವ್‌ಸ್ಕಿ 20 ಗೋಲು ಹೊಡೆದು ಲೀಗ್‌ನಲ್ಲಿ ಮೊದಲಿಗರಾದರು, ತಂಡ ಎರಡನೇ ಸ್ಥಾನ ಪಡೆಯಿತು, ಚಾಂಪಿಯನ್ಸ್ ಲೀಗ್‌ನಲ್ಲಿ ಕ್ವಾರ್ಟರ್ ಫೈನಲ್ ತನಕ ಹೋಯಿತು. ಒಂದೇ ಬೇಸಿಗೆಯಲ್ಲಿ ಇಬ್ಬರನ್ನೂ ಎದುರಾಳಿಯ ಮನೆಗೆ ಕಳಿಸಿದ್ದರೆ ತಂಡದ ಬೆನ್ನು ಮುರಿಯುತ್ತಿತ್ತು. ಚಾಂಪಿಯನ್ಸ್ ಲೀಗ್‌ಗೆ ಹೋಗುವುದು ಆ ಒಬ್ಬರ ಮೇಲೆ ನಿಂತಿದ್ದರೆ, ಆ ಆಟಗಾರ ಮನಸ್ಸಿಟ್ಟು ಆಡುವವನಾಗಿದ್ದರೆ, ಇದು ಸರಿಯಾದ ದಾರಿ. ಮುನಿಸಿಕೊಂಡು ಮೂಲೆಯಲ್ಲಿ ಕೂರುವವನಾದರೆ ಬೇಡ.

ಪಿಎಸ್‌ಜಿ 2021ರಲ್ಲಿ ಎಂಬಾಪೆಗಾಗಿ ರಿಯಲ್ ಮ್ಯಾಡ್ರಿಡ್ ಹೇಳಿದ ಭಾರಿ ಬೆಲೆಯನ್ನು ತಳ್ಳಿಹಾಕಿ, ಮರುವರ್ಷ ಹೊಸ ಕರಾರು ಮಾಡಿ, 2024ರಲ್ಲಿ ಅವರನ್ನು ಪುಕ್ಕಟೆ ಕಳೆದುಕೊಂಡಿತು. ಅವರಿಲ್ಲದ ಮೊದಲ ಸೀಸನ್‌ನಲ್ಲೇ, 2025ರ ಮೇ 31ರಂದು, ಇಂಟರ್ ಎದುರು 5–0ಯಿಂದ ಗೆದ್ದು ತನ್ನ ಮೊದಲ ಚಾಂಪಿಯನ್ಸ್ ಲೀಗ್ ಎತ್ತಿತು.

ವಯಸ್ಸು ಮತ್ತು ಕೊನೆಯ ದಿನದ ಬೆಲೆ

2023ರ ಸೆಪ್ಟೆಂಬರ್ 1, ಇಂಗ್ಲೆಂಡ್‌ನಲ್ಲಿ ಟ್ರಾನ್ಸ್‌ಫರ್ ವಿಂಡೊ, ಅಂದರೆ ಆಟಗಾರರನ್ನು ಕೊಳ್ಳುವ ಅವಧಿ, ಮುಚ್ಚುವ ದಿನ. ಸೌದಿಯ ಅಲ್ ಇತ್ತಿಹಾದ್ 31 ವರ್ಷದ ಮೊಹಮ್ಮದ್ ಸಲಾಹ್‌ಗೆ ಒಟ್ಟು 15 ಕೋಟಿ ಪೌಂಡ್ ಹೇಳಿತು ಎಂದು ವರದಿಯಾಯಿತು. ಲಿವರ್‌ಪೂಲ್ ಬೇಡ ಅಂದಿತು. ಅದು ಸರಿ: ಆ ದಿನ ಮಾರಿದರೆ ಸಂಜೆಯೊಳಗೆ ಬದಲಿ ಹುಡುಕಲು ಸಾಧ್ಯವಿರಲಿಲ್ಲ, ಮತ್ತು ಆ ತಂಡದ ಗೋಲುಗಳ ದೊಡ್ಡ ಪಾಲು ಅವರ ಕಾಲಿನಿಂದಲೇ ಬರುತ್ತಿತ್ತು. 2018ರ ಕೌಟಿನ್ಯೊ ಸ್ಥಿತಿಗೆ ನೇರ ಉಲ್ಟಾ. 2024–25ರಲ್ಲಿ ಸಲಾಹ್ ಲೀಗ್‌ನಲ್ಲಿ 29 ಗೋಲು ಹೊಡೆದು 18 ಗೋಲಿಗೆ ನೆರವಾದರು, ಲಿವರ್‌ಪೂಲ್ ಇಪ್ಪತ್ತನೇ ಸಲ ಚಾಂಪಿಯನ್ ಆಯಿತು.

ಅದೇ ಸೀಸನ್ ಮುಗಿಯುವ ಮುಂಚೆ, ಏಪ್ರಿಲ್‌ನಲ್ಲಿ, 32 ವರ್ಷದ ಅವರಿಗೆ ಮತ್ತೆ ಎರಡು ವರ್ಷದ ಕರಾರು ಕೊಟ್ಟರು. ಆ ಡಿಸೆಂಬರ್ ಹೊತ್ತಿಗೆ ಸಲಾಹ್ ಸಾಲಾಗಿ ಪಂದ್ಯಗಳ ಆರಂಭದಲ್ಲಿ ಬೆಂಚಿನ ಮೇಲಿದ್ದರು. ಮೂವತ್ತು ದಾಟಿದ, ಅಂಚಿನಲ್ಲಿ ಆಡುವ ಆಟಗಾರನ ಹೊಸ ಕರಾರಿನಲ್ಲಿ ನೀವು ಕೊಡುವುದು ಕಳೆದ ವರ್ಷದ ಆಟಕ್ಕೆ ಮುಂದಿನ ವರ್ಷದ ಸಂಬಳ. ಹಾಗಾಗಿ ಆ ವಯಸ್ಸಿನಲ್ಲಿ ಒಂದು ವರ್ಷ, ಹೆಚ್ಚೆಂದರೆ ಎರಡು, ಅದರ ಮೇಲೆ ನಾನು ಸಹಿ ಹಾಕುವುದಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮೂರಲ್ಲೇ ಇದೆ. ಸುನಿಲ್ ಛೆಟ್ರಿ 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗಲೇ ಬಂದವರು. 2024ರ ಡಿಸೆಂಬರ್‌ನಲ್ಲಿ ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ನಲವತ್ತರ ವಯಸ್ಸಿನಲ್ಲಿ ಹ್ಯಾಟ್ರಿಕ್ ಹೊಡೆದರು. ಮೂರನೇ ಗೋಲು ಬಂದಾಗ ಹೆಚ್ಚುವರಿ ಸಮಯ ಓಡುತ್ತಿತ್ತು, ಪಂದ್ಯ 4–2ಕ್ಕೆ ಮುಗಿಯಿತು. ಪಶ್ಚಿಮದ ಸ್ಟ್ಯಾಂಡಿನಲ್ಲಿ ಡೋಲು ಬಡಿಯುವ ಆ ನೀಲಿ ಗುಂಪು ಹನ್ನೆರಡು ವರ್ಷದಿಂದ ಕೂಗುತ್ತಿರುವ ಹೆಸರು ಒಂದೇ. ಯುರೋಪಿನ ಹಾಗೆ ದೊಡ್ಡ ಮೊತ್ತಕ್ಕೆ ಮಾರುವ ಸಂತೆ ನಮ್ಮಲ್ಲಿ ಇಲ್ಲದಿರುವಾಗ, ಮಾರಿದರೆ ಸಿಗುವುದು ಕಡಿಮೆ, ಕಳೆದುಕೊಳ್ಳುವುದು ಜಾಸ್ತಿ. ಹೊಸ ಕ್ಲಬ್ಬಿಗೆ ಊರಿನಲ್ಲಿ ಬೇರು ಬಿಡಿಸಿಕೊಟ್ಟ ಆಟಗಾರನನ್ನು ನಾನಾದರೂ ಕೊನೆಯ ತನಕ ಇಟ್ಟುಕೊಳ್ಳುತ್ತೇನೆ.

ಉಳಿದ ಒಂದು ದಾರಿ: ಲೋನ್

ಮಾರಲು ಬೆಲೆ ಬರುತ್ತಿಲ್ಲ, ಇಟ್ಟುಕೊಳ್ಳಲು ಜಾಗವಿಲ್ಲ ಅಂದಾಗ ಕ್ಲಬ್‌ಗಳು ತಾರೆಯನ್ನು ಒಂದು ವರ್ಷಕ್ಕೆ ಇನ್ನೊಂದು ಕ್ಲಬ್‌ಗೆ ಲೋನ್ ಮೇಲೆ ಕಳಿಸುತ್ತವೆ. ಸಂಬಳದ ಭಾರ ಇಳಿಯುತ್ತದೆ, ಆದರೆ ಕರಾರಿನ ವರ್ಷಗಳೂ ಇಳಿಯುತ್ತವೆ, ಬೆಲೆಯೂ ಇಳಿಯುತ್ತದೆ. ಇಪ್ಪತ್ತು ವರ್ಷದ ಹುಡುಗನಿಗೆ ಇದು ಶಾಲೆ. ಇಪ್ಪತ್ತೇಳರ ತಾರೆಗೆ ಇದು ತೀರ್ಮಾನವನ್ನು ಒಂದು ವರ್ಷ ಮುಂದೂಡುವುದು ಅಷ್ಟೇ. ಇಂಗ್ಲೆಂಡಿನಲ್ಲಿ ಲೋನ್ ಮೇಲಿರುವವರು ಮೂಲ ಕ್ಲಬ್ ವಿರುದ್ಧ ಲೀಗ್ ಪಂದ್ಯ ಆಡುವಂತಿಲ್ಲ. ಯುರೋಪಿನ ಟೂರ್ನಿಗಳಲ್ಲಿ ಅಂಥ ತಡೆ ನಡೆಯುವುದಿಲ್ಲ. 2014ರಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್‌ನಲ್ಲಿ ಲೋನ್ ಮೇಲಿದ್ದ ಗೋಲ್‌ಕೀಪರ್ ಕೋರ್ತ್ವಾ ತಮ್ಮದೇ ಚೆಲ್ಸಿ ವಿರುದ್ಧ ಆಡಬಹುದು ಎಂದು ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ಸ್ಪಷ್ಟವಾಗಿ ಹೇಳಿತ್ತು.

ಬಾರ್ಸಿಲೋನಾ 2019ರಲ್ಲಿ ಕೌಟಿನ್ಯೊ ಅವರನ್ನು ಲೋನ್ ಮೇಲೆ ಬಯೆರ್ನ್‌ಗೆ ಕಳಿಸಿತು. 2020ರ ಆಗಸ್ಟ್ 14ರಂದು ಲಿಸ್ಬನ್‌ನ ಖಾಲಿ ಕ್ರೀಡಾಂಗಣದಲ್ಲಿ ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್, ಬಯೆರ್ನ್ ಎದುರು ಬಾರ್ಸಿಲೋನಾ. ಕೊನೆಯ ಕಾಲು ಗಂಟೆಗೆ ಬೆಂಚಿನಿಂದ ಎದ್ದು ಬಂದ ಕೌಟಿನ್ಯೊ, ತಮ್ಮ ಸಂಬಳದ ಕರಾರು ಇದ್ದ ಕ್ಲಬ್ ವಿರುದ್ಧವೇ ಎರಡು ಗೋಲು ಹೊಡೆದರು. ಪಂದ್ಯ 8–2. ಕೌಟಿನ್ಯೊ ಆ ಗೋಲುಗಳಿಗೆ ಸಂಭ್ರಮಿಸಲಿಲ್ಲ. 2022ರಲ್ಲಿ ಬಾರ್ಸಿಲೋನಾ ಅವರನ್ನು ಆ್ಯಸ್ಟನ್ ವಿಲ್ಲಾಗೆ ಸುಮಾರು 1.7 ಕೋಟಿ ಪೌಂಡ್‌ಗೆ ಮಾರಿತು.